ದಿವಾನ ಸರ್ ಸಾಲಾರಜಂಗರು ಮತ್ತು ನಮ್ಮ ಸೀಮೆಯ ರೈತ

ಹೈದರಾಬಾದಿಗೆ ಹೋದ ಶಾಲಾ ಪ್ರವಾಸದ ತಂಡವು ಮೂಸಿ ನದಿಯ ದಂಡೆಯ ಮೇಲಿರುವ ಸಾಲಾರಜಂಗ ವಸ್ತುಸಂಗ್ರಹಾಲಯವನ್ನು ನೋಡದೆ ಹಿಂದಿರುಗುವುದು ಅಪರೂಪ. ಗಂಟೆಗೊಮ್ಮೆ ಹೊರಬಂದು ಘಂಟೆ ಬಾರಿಸುವ ಗೊಂಬೆಯ ಗಡಿಯಾರದ ಮುಂದೆ ಮಕ್ಕಳು ಕಾದು ಕುಳಿತಿರುತ್ತಾರೆ. ಮುಸುಕು ಹೊದ್ದ ರೆಬೆಕ್ಕಳ ಅಮೃತಶಿಲೆಯ ಪ್ರತಿಮೆಯ ಮುಂದೆ ಹಿರಿಯರೂ ಬೆರಗಾಗಿ ನಿಲ್ಲುತ್ತಾರೆ. ಕಲ್ಲಿನಲ್ಲಿ ಕೊರೆದ ಮುಸುಕಿನ ಹಿಂದೆ ಮುಖವು ಕಾಣುವಂತೆ ಕಡೆದ ಆ ಶಿಲ್ಪಿ ಇಟಲಿಯ ಬೆಂಜೋನಿ. ಆ ಪ್ರತಿಮೆಯನ್ನು 1876ರಲ್ಲಿ ರೋಮ್ ನಗರದಲ್ಲಿ ಕೊಂಡು ತಂದವರು ಒಂದನೆಯ ಸಾಲಾರಜಂಗರು. ಉಳಿದ ಸಂಗ್ರಹದ ಬಹುಭಾಗವು ಅವರ ಮೊಮ್ಮಗ ಮೂರನೆಯ ಸಾಲಾರಜಂಗರದು.

ಆ ಮಂದಿರದಲ್ಲಿ ನಡೆದಾಡುವ ನಮ್ಮ ಮಕ್ಕಳಿಗೆ ತಿಳಿದಿರಬೇಕಾದ ಒಂದು ಸಂಗತಿಯುಂಟು. ಸಾಲಾರಜಂಗ ಮನೆತನದ ಜಾಗೀರುಗಳಲ್ಲಿ ಕೊಪ್ಪಳ ಮತ್ತು ಯಲಬುರ್ಗಾ ತಾಲ್ಲೂಕುಗಳು ಸೇರಿದ್ದವು. ನಮ್ಮ ಅಜ್ಜ ಮುತ್ತಜ್ಜಂದಿರು ಎರೆಹೊಲದಲ್ಲಿ ಬೆಳೆದ ಜೋಳ ಹತ್ತಿಗಳ ಮೇಲಿನ ಕಂದಾಯವು ಆ ಮನೆತನದ ಖಜಾನೆಗೆ ಸಲ್ಲುತ್ತಿತ್ತು. ಆದುದರಿಂದ ಅಲ್ಲಿಯ ವೈಭವದಲ್ಲಿ ನಮ್ಮ ಸೀಮೆಯ ಬೆವರಿನ ಪಾಲೂ ಇದೆ. ಆ ಮನೆತನದ ಅತ್ಯಂತ ಪ್ರಸಿದ್ಧ ಪುರುಷನ ಜೀವನವನ್ನು ಈ ಸಂಚಿಕೆಯ ಓದುಗರ ಮುಂದೆ ಇಡುವುದಕ್ಕೆ ಈ ನಂಟು ಒಂದು ಕಾರಣ. ಇನ್ನೊಂದು ಕಾರಣವೂ ಇದೆ. ಪಾಶ್ಚಾತ್ಯ ತತ್ತ್ವಜ್ಞರು ಪ್ರತಿಪಾದಿಸಿದ ವಿಚಾರಶಕ್ತಿ ಮತ್ತು ಹಕ್ಕುಗಳೆಂಬ ಎರಡು ಭಾವನೆಗಳು ಆಧುನಿಕ ಸರಕಾರವನ್ನು ರೂಪಿಸಿದವೆಂದು ನಾವು ತರಗತಿಗಳಲ್ಲಿ ಪಾಠ ಹೇಳುತ್ತೇವೆ. ಆ ಎರಡೂ ನಮ್ಮ ಸೀಮೆಗೆ ಒಟ್ಟಿಗೆ ಬರಲಿಲ್ಲ. ಮೊದಲನೆಯದು ಸಾಲಾರಜಂಗರ ಕಾಲದಲ್ಲಿ ಬಂದಿತು. ಎರಡನೆಯದು ಬರಲು ಇನ್ನೂ ಮುಕ್ಕಾಲು ಶತಮಾನ ಬೇಕಾಯಿತು. ಆ ನಡುವಣ ಅಂತರದ ಅರ್ಥವನ್ನು ತಿಳಿಯುವುದಕ್ಕೆ ಅವರ ಬಾಳಿಗಿಂತ ಉತ್ತಮವಾದ ಪಾಠ ದೊರೆಯಲಾರದು.

ತತ್ತ್ವಜ್ಞರ ವಿಚಾರಗಳು

ಹದಿನೇಳನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಜಾನ್ ಲಾಕ್ ಎಂಬ ತತ್ತ್ವಜ್ಞನು ರಾಜಾಧಿಕಾರದ ಮೂಲವನ್ನು ಪ್ರಶ್ನಿಸಿದನು. ಪ್ರಾಣ, ಸ್ವಾತಂತ್ರ್ಯ, ಆಸ್ತಿ ಇವು ಮನುಷ್ಯನಿಗೆ ಹುಟ್ಟಿನಿಂದಲೇ ಬಂದ ಹಕ್ಕುಗಳು. ಇವುಗಳ ರಕ್ಷಣೆಗಾಗಿ ಜನರು ತಮ್ಮ ಒಪ್ಪಿಗೆಯಿಂದ ಸರಕಾರವನ್ನು ಸ್ಥಾಪಿಸಿಕೊಳ್ಳುತ್ತಾರೆ. ಆ ಹೊಣೆಯನ್ನು ಮರೆತ ಸರಕಾರವನ್ನು ಬದಲಿಸುವ ಅಧಿಕಾರವೂ ಅವರಿಗೇ ಉಂಟು ಎಂಬುದು ಆತನ ವಾದ. ಫ್ರಾನ್ಸಿನ ಮಾಂಟೆಸ್ಕ್ಯೂ 1748ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಶಾಸನ ಮಾಡುವ, ಆಡಳಿತ ನಡೆಸುವ ಮತ್ತು ನ್ಯಾಯ ತೀರ್ಮಾನಿಸುವ ಅಧಿಕಾರಗಳು ಒಂದೇ ಕೈಯಲ್ಲಿರಬಾರದೆಂದು ತೋರಿಸಿದನು. ರೂಸೋ ಪ್ರಜೆಗಳ ಸಾಮೂಹಿಕ ಇಚ್ಛೆಯನ್ನೇ ಶಾಸನದ ಮೂಲವೆಂದು ಸಾರಿದನು. 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆಯೂ 1789ರ ಫ್ರಾನ್ಸಿನ ಮಾನವ ಹಕ್ಕುಗಳ ಘೋಷಣೆಯೂ ಈ ವಿಚಾರಗಳ ಫಲಗಳು.

ಇವರ ಬೆನ್ನಿಗೆ ಬಂದ ಜೆರೆಮಿ ಬೆಂಥಮ್ ಬೇರೊಂದು ದಾರಿಯನ್ನು ಹಿಡಿದನು. ಹುಟ್ಟಿನಿಂದ ಬರುವ ಹಕ್ಕೆಂಬ ಮಾತಿನಲ್ಲಿ ಅವನಿಗೆ ನಂಬಿಕೆಯಿರಲಿಲ್ಲ. ಬಹುಜನರ ಬಹುಸುಖವೇ ಶಾಸನದ ಗುರಿ. ಕಾನೂನು ಬರೆದಿರಬೇಕು, ಸ್ಪಷ್ಟವಾಗಿರಬೇಕು, ಎಲ್ಲರಿಗೂ ತಿಳಿದಿರಬೇಕು. ಅಧಿಕಾರಿಯ ಕೆಲಸವನ್ನು ಲೆಕ್ಕವಿಟ್ಟು ಪರೀಕ್ಷಿಸಬೇಕು ಎಂದು ಆತನು ಬೋಧಿಸಿದನು. ಬೆಂಥಮನ ಶಿಷ್ಯನಾದ ಜೇಮ್ಸ್ ಮಿಲ್ 1819ರಲ್ಲಿ ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯನ್ನು ಸೇರಿದನು. ಅವನ ಮಗ ಜಾನ್ ಸ್ಟೂಅರ್ಟ್ ಮಿಲ್ ತನ್ನ ಹದಿನೇಳನೆಯ ವಯಸ್ಸಿನಲ್ಲಿ, 1823ರಲ್ಲಿ, ಅದೇ ಕಚೇರಿಗೆ ಬಂದು 1858ರವರೆಗೆ ಅಲ್ಲಿಯೇ ದುಡಿದನು. ದೇಶೀಯ ಸಂಸ್ಥಾನಗಳೊಡನೆ ನಡೆಯುವ ಪತ್ರವ್ಯವಹಾರವನ್ನು ಸಿದ್ಧಪಡಿಸುವುದು ಬಹುಕಾಲ ಅವನ ಕೆಲಸವಾಗಿತ್ತು. ಸ್ವಾತಂತ್ರ್ಯವನ್ನು ಕುರಿತು 1859ರಲ್ಲಿಯೂ, ಪ್ರಾತಿನಿಧಿಕ ಸರಕಾರವನ್ನು ಕುರಿತು 1861ರಲ್ಲಿಯೂ ಜಗತ್ತೇ ಮೆಚ್ಚಿದ ಗ್ರಂಥಗಳನ್ನು ಬರೆದ ಆ ಮಹಾಮೇಧಾವಿಯು ಭಾರತೀಯರ ವಿಷಯದಲ್ಲಿ ಮಾತ್ರ ಬೇರೆ ತೀರ್ಮಾನಕ್ಕೆ ಬಂದನು. ಈ ಜನ ಇನ್ನೂ ಸ್ವಯಮಾಡಳಿತಕ್ಕೆ ಸಿದ್ಧರಾಗಿಲ್ಲ, ಬಲ್ಲವರ ಒಳ್ಳೆಯ ಆಡಳಿತವೇ ಸದ್ಯಕ್ಕೆ ಇವರಿಗೆ ಸಾಕು ಎಂದು ಅವನು ಭಾವಿಸಿದನು. ಹೀಗಾಗಿ ಯುರೋಪಿನಲ್ಲಿ ಜೊತೆಜೊತೆಯಾಗಿ ಬೆಳೆದ ವಿಚಾರಶಕ್ತಿ ಮತ್ತು ಹಕ್ಕುಗಳಲ್ಲಿ ಮೊದಲನೆಯದಷ್ಟೇ ಹಡಗು ಏರಿ ಇತ್ತ ಬಂದಿತು. ಭೂಮಾಪನ, ಲೆಕ್ಕಪತ್ರ, ಲಿಖಿತ ನಿಯಮ, ಸಂಬಳದ ಅಧಿಕಾರಿ, ಅಪೀಲು ಕೋರ್ಟು ಇವುಗಳ ರೂಪದಲ್ಲಿ ಅದು ಬಂದಿತು. ಹೈದರಾಬಾದು ಸಂಸ್ಥಾನದಲ್ಲಿ ಅದನ್ನು ಬರಮಾಡಿಕೊಂಡವರು ದಿವಾನ ಸಾಲಾರಜಂಗರು.

ಮನೆತನ ಮತ್ತು ಬಾಲ್ಯ

ಸಾಲಾರಜಂಗ ಎಂಬುದು ಬಿರುದು. ಅವರ ಹೆಸರು ಮೀರ್ ತುರಾಬ್ ಅಲಿ ಖಾನ್. ಅವರು 1829ರಲ್ಲಿ ಜನಿಸಿದರು. ಅವರ ಪೂರ್ವಜರು ವಿಜಾಪುರದ ಆದಿಲಶಾಹಿ ದರಬಾರಿನಲ್ಲಿ ಸೇವೆಯಲ್ಲಿದ್ದು, ಅನಂತರ ನಿಜಾಮರ ಆಶ್ರಯಕ್ಕೆ ಬಂದು, ಸಂಸ್ಥಾನಕ್ಕೆ ಹಲವು ದಿವಾನರನ್ನು ಕೊಟ್ಟವರು. ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಬಾಲಕನು ಮನೆಯ ಹಿರಿಯರ ಪೋಷಣೆಯಲ್ಲಿ ಬೆಳೆದನು. ಮನೆತನಕ್ಕೆ ದೊಡ್ಡ ಹೆಸರಿತ್ತಾದರೂ ಆಗ ಅದು ಸಾಲದ ಹೊರೆಯಿಂದ ಕುಗ್ಗಿತ್ತು. ಸಾಲವೆಂದರೇನು, ಸಾಲಗಾರನ ಬಾಗಿಲಲ್ಲಿ ನಿಲ್ಲುವ ಜಮಾದಾರನೆಂದರೇನು ಎಂಬುದನ್ನು ಅವರು ಎಳವೆಯಲ್ಲಿಯೇ ಕಂಡರು. ಪಾರಸಿ, ಅರಬೀ ಭಾಷೆಗಳೊಡನೆ ಇಂಗ್ಲೀಷನ್ನೂ ಕಲಿತರು. ಹತ್ತೊಂಬತ್ತರ ವಯಸ್ಸಿನ ಸುಮಾರಿಗೆ ತೆಲುಗು ನಾಡಿನ ಖಮ್ಮಮ್ ಪ್ರದೇಶದ ತಾಲ್ಲೂಕದಾರಿಕೆಯು ಅವರಿಗೆ ದೊರೆಯಿತು. ಅವರು ಕಂದಾಯದ ಕಾರಭಾರವನ್ನು ಕಲಿತದ್ದು ಅಲ್ಲಿಯ ದಫ್ತರಗಳಲ್ಲಿ.

1853ರ ಮೇ ತಿಂಗಳಲ್ಲಿ ಸಂಸ್ಥಾನದ ಇತಿಹಾಸದಲ್ಲಿ ದೊಡ್ಡ ಆಘಾತವೊಂದು ಸಂಭವಿಸಿತು. ಸೈನ್ಯದ ವೆಚ್ಚದ ಬಾಕಿಗಾಗಿ ನಿಜಾಮರು ಬೇರಾರ, ಧಾರಾಶಿವ ಮತ್ತು ರಾಯಚೂರು ದೋಆಬ ಪ್ರಾಂತಗಳನ್ನು ಕಂಪನಿ ಸರಕಾರಕ್ಕೆ ವಹಿಸಿಕೊಡಬೇಕಾಯಿತು. ಕೃಷ್ಣಾ ತುಂಗಭದ್ರೆಗಳ ನಡುವಿನ ದೋಆಬವೆಂದರೆ ನಮ್ಮ ಸೀಮೆಯೇ. ಒಪ್ಪಂದಕ್ಕೆ ಸಹಿ ಬಿದ್ದ ಕೆಲವೇ ದಿನಗಳಲ್ಲಿ ಆಗಿನ ದಿವಾನರೂ ಸಾಲಾರಜಂಗರ ಚಿಕ್ಕಪ್ಪನವರೂ ಆಗಿದ್ದ ಸಿರಾಜ್ ಉಲ್ ಮುಲ್ಕರು ತೀರಿಕೊಂಡರು. ಇಪ್ಪತ್ತನಾಲ್ಕು ವರ್ಷದ ತರುಣನ ಹೆಗಲ ಮೇಲೆ ದಿವಾನಗಿರಿಯು ಬಂದು ಬಿದ್ದಿತು.

ಮುರಿದ ಮನೆಯ ಯಜಮಾನಿಕೆ

ಅಂದಿನ ಸಂಸ್ಥಾನದ ಸ್ಥಿತಿಯನ್ನು ಊಹಿಸಿಕೊಳ್ಳುವುದು ಇಂದಿನವರಿಗೆ ಕಷ್ಟ. ಕಂದಾಯ ವಸೂಲಿಯು ಗುತ್ತಿಗೆಯ ಮೇಲೆ ನಡೆಯುತ್ತಿತ್ತು. ಹೆಚ್ಚು ಹಣ ಮುಂಗಡ ಕೊಟ್ಟವನಿಗೆ ತಾಲ್ಲೂಕು. ಅವನು ಕೊಟ್ಟದ್ದಕ್ಕಿಂತ ಎಷ್ಟು ಹೆಚ್ಚು ಹಿಂಡಿಕೊಳ್ಳುವನೆಂಬುದನ್ನು ಕೇಳುವವರಿಲ್ಲ. ಮರುವರ್ಷ ಇನ್ನೊಬ್ಬನು ಹೆಚ್ಚು ಕೂಗಿದರೆ ತಾಲ್ಲೂಕು ಅವನ ಪಾಲಾಗುತ್ತಿತ್ತು. ಆದುದರಿಂದ ಇರುವಷ್ಟು ದಿನದಲ್ಲಿ ಸುಲಿದುಕೊಳ್ಳುವುದೇ ಗುತ್ತಿಗೆದಾರನ ಬುದ್ಧಿ. ಸರಕಾರಕ್ಕೆ ಸಾಲ ಕೊಟ್ಟ ಅರಬ ಮತ್ತು ರೋಹಿಲ್ಲ ಜಮಾದಾರರು, ಸಾಹುಕಾರರು, ತಮ್ಮ ಸಾಲಕ್ಕಾಗಿ ಪ್ರಾಂತಗಳನ್ನೇ ಒತ್ತೆಯಾಗಿ ಹಿಡಿದುಕೊಂಡಿದ್ದರು. ಸಿಪಾಯಿಗಳಿಗೆ ಸಂಬಳವಿಲ್ಲ. ಊರಿಗೊಂದು ನಾಣ್ಯ, ದಾರಿಗೊಂದು ಸುಂಕದ ಕಟ್ಟೆ. ನ್ಯಾಯವೆಂಬುದು ಬಲಿಷ್ಠನ ಮನೆಯಂಗಳದಲ್ಲಿ ತೀರ್ಮಾನವಾಗುತ್ತಿತ್ತು.

ತರುಣ ದಿವಾನರು ಮೊದಲು ಲೆಕ್ಕಪತ್ರಗಳನ್ನು ಕೈಗೆತ್ತಿಕೊಂಡರು. ಕಡಿಮೆ ಬಡ್ಡಿಗೆ ಹೊಸ ಸಾಲ ಮಾಡಿ ಹೆಚ್ಚು ಬಡ್ಡಿಯ ಹಳೆಯ ಸಾಲಗಳನ್ನು ತೀರಿಸಿದರು. ಅರಬ ಸರದಾರರೊಡನೆ ಒಬ್ಬೊಬ್ಬರಾಗಿ ಮಾತನಾಡಿ, ಲೆಕ್ಕ ನೋಡಿ, ಹಣ ಸಲ್ಲಿಸಿ, ಒತ್ತೆಯಲ್ಲಿದ್ದ ಪ್ರದೇಶಗಳನ್ನು ಬಿಡಿಸಿಕೊಂಡರು. ಒಂದೇ ಟಂಕಸಾಲೆಯ ಹಾಲಿ ಸಿಕ್ಕಾ ನಾಣ್ಯವನ್ನು ಚಲಾವಣೆಗೆ ತಂದರು. 1856ರಲ್ಲಿ ನಗರದಲ್ಲಿ ದಾರುಲ್ ಉಲೂಮ್ ಎಂಬ ವಿದ್ಯಾಲಯವನ್ನು ಸ್ಥಾಪಿಸಿದರು. ಬೆಳಿಗ್ಗೆ ಬೇಗನೆ ಎದ್ದು ಅರ್ಜಿದಾರರನ್ನು ಕಂಡು, ಕಾಗದಪತ್ರಗಳನ್ನು ತಾವೇ ಓದಿ ಅಪ್ಪಣೆ ಕೊಡುವ ಪದ್ಧತಿಯನ್ನು ಬದುಕಿನ ಕೊನೆಯವರೆಗೂ ನಡೆಸಿಕೊಂಡು ಬಂದರು. ಯುರೋಪಿನ ತತ್ತ್ವಜ್ಞರ ವಿಚಾರವು ಅವರ ಬಳಿಗೆ ಬಂದದ್ದು ಕಂಪನಿಯ ಪ್ರಾಂತಗಳ ನಿಯಮಾವಳಿಗಳ ಮೂಲಕ, ಕಚೇರಿಯ ನಡವಳಿಕೆಯ ಮೂಲಕ. ನೆರೆಯ ಬೊಂಬಾಯಿ ಮತ್ತು ಮದ್ರಾಸು ಪ್ರಾಂತಗಳಲ್ಲಿ ನಡೆದ ಕೆಲಸವನ್ನು ಅವರು ಕಣ್ಣಿಟ್ಟು ನೋಡಿದರು.

1857 ಮತ್ತು ಕೊಪ್ಪಳದ ಕೋಟೆ

1857ರ ಮೇ ತಿಂಗಳಲ್ಲಿ ಉತ್ತರ ಹಿಂದೂಸ್ಥಾನದಲ್ಲಿ ದಂಗೆ ಎದ್ದಿತು. ಅದೇ ವಾರದಲ್ಲಿ ನಿಜಾಮ ನಾಸಿರುದ್ದೌಲರು ಕಾಲವಾಗಿ ಅಫ್ಜಲುದ್ದೌಲರು ಪಟ್ಟಕ್ಕೆ ಬಂದರು. ಜುಲೈ 17ರಂದು ತುರ್ರೇಬಾಜ್ ಖಾನ್ ಮತ್ತು ಮೌಲ್ವಿ ಅಲ್ಲಾವುದ್ದೀನರ ನೇತೃತ್ವದಲ್ಲಿ ಜನರ ಗುಂಪು ಬ್ರಿಟಿಷ್ ರೆಸಿಡೆನ್ಸಿಯ ಮೇಲೆ ಏರಿಹೋಯಿತು. ಸಾಲಾರಜಂಗರು ಕಂಪನಿಯ ಪಕ್ಷದಲ್ಲಿ ನಿಂತರು. ಹೈದರಾಬಾದು ದಂಗೆಯನ್ನು ಸೇರಿದ್ದರೆ ದಕ್ಷಿಣಾಪಥವೆಲ್ಲ ಹೊತ್ತಿ ಉರಿಯುತ್ತಿತ್ತೆಂಬುದು ಅಂದಿನವರ ಲೆಕ್ಕಾಚಾರ. ಸಂಸ್ಥಾನವು ಉಳಿಯಬೇಕಾದರೆ ಬ್ರಿಟಿಷರೊಡನೆ ಕಲಹ ಸಲ್ಲದೆಂಬುದು ದಿವಾನರ ನಿರ್ಣಯ. ಈ ನಿರ್ಣಯವನ್ನು ರಾಷ್ಟ್ರೀಯ ದೃಷ್ಟಿಯ ಇತಿಹಾಸಕಾರರು ಮೆಚ್ಚಿಲ್ಲ. ಅವರ ಪಕ್ಷದವರು ಅದನ್ನು ದೂರದೃಷ್ಟಿ ಎಂದಿದ್ದಾರೆ.

ನಮ್ಮ ಸೀಮೆಯು ಈ ಪ್ರಶ್ನೆಗೆ ಬೇರೆ ಉತ್ತರವನ್ನು ಕೊಟ್ಟಿತು. ಹಿಂದೆ ಕಂಪನಿ ಸರಕಾರದ ತಹಶೀಲದಾರರಾಗಿದ್ದ ಮುಂಡರಗಿ ಭೀಮರಾಯರು ಹಮ್ಮಿಗಿಯ ಕೆಂಚನಗೌಡರೊಡನೆ 1858ರ ಮೇ ತಿಂಗಳಲ್ಲಿ ಬಂಡೆದ್ದು, ಡಂಬಳದ ಖಜಾನೆಯನ್ನು ವಶಪಡಿಸಿಕೊಂಡು, ಕೊಪ್ಪಳದ ಕೋಟೆಯನ್ನು ಹಿಡಿದರು. ಜೂನ್ 1ರಂದು ಕಂಪನಿಯ ಸೈನ್ಯವು ಕೋಟೆಗೆ ಲಗ್ಗೆ ಹಾಕಿತು. ಭೀಮರಾಯರೂ ಅವರ ಅನೇಕ ಸಂಗಡಿಗರೂ ಅಲ್ಲಿಯೇ ಮಡಿದರು. ಹೈದರಾಬಾದಿನ ದೇವಡಿಯಲ್ಲಿ ಕುಳಿತ ದಿವಾನರೂ ಕೊಪ್ಪಳದ ಬೆಟ್ಟದ ಮೇಲೆ ಬಿದ್ದ ಭೀಮರಾಯರೂ ಆಡಳಿತವನ್ನು ಒಳಗಿನಿಂದ ಬಲ್ಲವರೇ. ಹೀಗಿದ್ದೂ ಒಬ್ಬರು ಆಳುವವರ ವ್ಯವಸ್ಥೆಯನ್ನು ತಿದ್ದಲು ಹೊರಟರು. ಇನ್ನೊಬ್ಬರು ಆಳುವ ಅಧಿಕಾರವನ್ನೇ ಪ್ರಶ್ನಿಸಿದರು. ಈ ಎರಡು ದಾರಿಗಳು ಒಂದನ್ನೊಂದು ಕೂಡಲು ತೊಂಬತ್ತು ವರ್ಷಗಳು ಬೇಕಾದವು.

ಬ್ರಿಟಿಷರು ತಮ್ಮ ಮಿತ್ರನ ಉಪಕಾರವನ್ನು ನೆನೆದು 1860ರಲ್ಲಿ ರಾಯಚೂರು ದೋಆಬವನ್ನೂ ಧಾರಾಶಿವವನ್ನೂ ನಿಜಾಮರಿಗೆ ಹಿಂದಿರುಗಿಸಿದರು. ಬೇರಾರವನ್ನು ಮಾತ್ರ ಕೊಡಲಿಲ್ಲ. ಹೀಗೆ ಏಳು ವರ್ಷಗಳ ಬ್ರಿಟಿಷ್ ಆಡಳಿತದ ತರುವಾಯ ನಮ್ಮ ನೆಲವು ಮತ್ತೆ ಹೈದರಾಬಾದಿನ ಪಾಲಾಯಿತು. ಕಲ್ಕತ್ತೆಯ ಮತ್ತು ಹೈದರಾಬಾದಿನ ನಡುವೆ ಈ ಕೊಡುಕೊಳ್ಳುವಿಕೆ ನಡೆದಾಗ ಇಲ್ಲಿಯ ಒಬ್ಬ ರೈತನನ್ನಾದರೂ ಯಾರೂ ಕೇಳಲಿಲ್ಲ. ಒಪ್ಪಿಗೆಯಿಲ್ಲದೆ ಸರಕಾರವಿಲ್ಲ ಎಂದು ಲಾಕ್ ಬರೆದು ಆಗಲೇ ನೂರ ಎಪ್ಪತ್ತು ವರ್ಷಗಳಾಗಿದ್ದವು.

ಜಿಲ್ಹಾಬಂದಿ

ಸಾಲಾರಜಂಗರ ಕೀರ್ತಿಯನ್ನು ಸ್ಥಿರಗೊಳಿಸಿದ ಕಾರ್ಯವೆಂದರೆ 1865ರ ಜಿಲ್ಹಾಬಂದಿ. ಗುತ್ತಿಗೆಯ ಪದ್ಧತಿಯನ್ನು ತೆಗೆದುಹಾಕಿ, ದಿವಾನಿ ಪ್ರದೇಶವನ್ನು ಜಿಲ್ಲೆಗಳಾಗಿಯೂ ತಾಲ್ಲೂಕುಗಳಾಗಿಯೂ ವಿಂಗಡಿಸಿದರು. ಜಿಲ್ಲೆಗೊಬ್ಬ ಅವ್ವಲ್ ತಾಲ್ಲೂಕದಾರ, ಅವನ ಕೈಕೆಳಗೆ ದುಯ್ಯಮ್ ಮತ್ತು ಸಿಯ್ಯಮ್ ತಾಲ್ಲೂಕದಾರರು, ತಾಲ್ಲೂಕಿಗೊಬ್ಬ ತಹಶೀಲದಾರ. ಎಲ್ಲರಿಗೂ ಗೊತ್ತಾದ ಸಂಬಳ. ರಾಶಿಯ ಕಣದಲ್ಲಿ ಧಾನ್ಯದ ಪಾಲನ್ನು ಅಳೆದುಕೊಳ್ಳುವ ಬದಲು ನಗದು ಕಂದಾಯ. ಪೊಲೀಸು, ನ್ಯಾಯ, ವಿದ್ಯೆ, ಲೋಕೋಪಯೋಗಿ ಕೆಲಸಗಳಿಗೆ ಬೇರೆಬೇರೆ ಇಲಾಖೆಗಳು. 1868ರಲ್ಲಿ ಇವುಗಳ ಮೇಲ್ವಿಚಾರಣೆಗೆ ಸದರುಲ್ ಮಹಾಮ್ ಎಂಬ ನಾಲ್ವರು ಮಂತ್ರಿಗಳ ನೇಮಕ. ಆಡಳಿತವನ್ನೂ ನ್ಯಾಯವನ್ನೂ ಬೇರೆಬೇರೆ ಕೈಗಳಿಗೆ ಕೊಡುವ ಈ ಏರ್ಪಾಡಿನಲ್ಲಿ ಮಾಂಟೆಸ್ಕ್ಯೂವಿನ ವಿಚಾರದ ದೂರದ ನೆರಳನ್ನು ಕಾಣಬಹುದು. ಬೊಂಬಾಯಿಯ ಮಾದರಿಯಲ್ಲಿ ಹೊಲಗಳನ್ನು ಅಳೆದು, ಮಣ್ಣಿನ ಗುಣವನ್ನು ನೋಡಿ, ಕಂದಾಯವನ್ನು ಗೊತ್ತುಪಡಿಸುವ ಕಾರ್ಯವು 1870ರ ದಶಕದಲ್ಲಿ ಪ್ರಾರಂಭವಾಯಿತು. 1874ರಲ್ಲಿ ವಾಡಿಯಿಂದ ಹೈದರಾಬಾದಿಗೆ ರೈಲು ಬಂದಿತು.

ಇದೆಲ್ಲವೂ ಸುಲಭವಾಗಿ ಆದದ್ದಲ್ಲ. ಗುತ್ತಿಗೆ ಕಳೆದುಕೊಂಡವರು, ಮಾಮೂಲು ಕಳೆದುಕೊಂಡವರು ಶತ್ರುಗಳಾದರು. 1859ರಲ್ಲಿ ದರಬಾರಿನಿಂದ ರೆಸಿಡೆಂಟನೊಡನೆ ಹೊರಬರುತ್ತಿದ್ದಾಗಲೂ 1868ರಲ್ಲಿಯೂ ಅವರ ಪ್ರಾಣದ ಮೇಲೆ ಗುಂಡು ಹಾರಿತು. ಎರಡು ಸಲವೂ ಬದುಕಿ ಉಳಿದರು. ನಿಜಾಮ ಅಫ್ಜಲುದ್ದೌಲರಿಗೆ ತಮ್ಮ ದಿವಾನರ ಮೇಲೆ ಸಂಶಯ. ಅಪ್ಪಣೆಯಿಲ್ಲದೆ ನಗರವನ್ನು ಬಿಟ್ಟು ಹೋಗುವ ಸ್ವಾತಂತ್ರ್ಯವೂ ದಿವಾನರಿಗಿರಲಿಲ್ಲ. ತಾವು ಜಿಲ್ಲೆಗಳಾಗಿ ವಿಂಗಡಿಸಿದ ನಾಡನ್ನು ಕಣ್ಣಾರೆ ನೋಡಿ ಬರುವ ಅವಕಾಶವಿಲ್ಲದೆ, ಕಾಗದದ ಮೇಲೆಯೇ ಅದನ್ನು ಆಳಿದ ಮಂತ್ರಿ ಅವರು. 1869ರಲ್ಲಿ ಅಫ್ಜಲುದ್ದೌಲರು ತೀರಿಕೊಂಡು, ಮೂರು ವರ್ಷವೂ ತುಂಬದ ಮಹಬೂಬ ಅಲಿ ಖಾನರು ಪಟ್ಟಕ್ಕೆ ಬಂದ ಮೇಲೆ ದಿವಾನರು ರಾಜಪ್ರತಿನಿಧಿಗಳಲ್ಲಿ ಒಬ್ಬರಾದರು. ಆಗ ಅವರ ಕೈ ಬಲವಾಯಿತು.

ಒಂದೇ ಸೀಮೆಯಲ್ಲಿ ಎರಡು ಆಡಳಿತ

ಈ ಸುಧಾರಣೆಗಳ ಮಿತಿಯನ್ನು ತಿಳಿಯಬೇಕಾದರೆ ದೂರ ಹೋಗಬೇಕಾಗಿಲ್ಲ. ನಮ್ಮ ನಾಲ್ಕು ತಾಲ್ಲೂಕುಗಳನ್ನೇ ನೋಡಬಹುದು. ಕುಷ್ಟಗಿ ಮತ್ತು ಗಂಗಾವತಿಗಳು ದಿವಾನಿ ತಾಲ್ಲೂಕುಗಳು. 1905ರವರೆಗೆ ಅವು ಲಿಂಗಸುಗೂರು ಜಿಲ್ಲೆಯಲ್ಲಿದ್ದು ಅನಂತರ ರಾಯಚೂರು ಜಿಲ್ಲೆಗೆ ಸೇರಿದವು. ಜಿಲ್ಹಾಬಂದಿಯ ನಿಯಮಗಳು ಅಲ್ಲಿ ನೇರವಾಗಿ ನಡೆಯುತ್ತಿದ್ದವು. ಕೊಪ್ಪಳ ಮತ್ತು ಯಲಬುರ್ಗಾಗಳು ಜಾಗೀರು. ಸಂಸ್ಥಾನದ ನೆಲದ ಮೂರನೆಯ ಒಂದು ಪಾಲಿನಷ್ಟು ಹೀಗೆ ಜಾಗೀರುದಾರರ ಕೈಯಲ್ಲಿತ್ತು. ದೊಡ್ಡ ಜಾಗೀರುದಾರನಿಗೆ ತನ್ನದೇ ಕಂದಾಯ, ತನ್ನದೇ ಅಧಿಕಾರಿಗಳು, ತನ್ನದೇ ನ್ಯಾಯ. ದಿವಾನರ ಹೊಸ ವ್ಯವಸ್ಥೆಯು ಜಾಗೀರಿನ ಗಡಿಯಲ್ಲಿ ನಿಂತುಬಿಡುತ್ತಿತ್ತು. ಸುಧಾರಕರ ಮನೆತನದ ಜಾಗೀರು ಕೂಡ ಈ ಮಾತಿಗೆ ಹೊರತಾಗಿರಲಿಲ್ಲ.

ಯಲಬುರ್ಗಾದ ರೈತನೂ ಕುಷ್ಟಗಿಯ ರೈತನೂ ಒಂದೇ ಸಂತೆಗೆ ಹೋಗುತ್ತಿದ್ದರು, ಒಂದೇ ಜಾತ್ರೆಯಲ್ಲಿ ತೇರನ್ನೆಳೆಯುತ್ತಿದ್ದರು, ಹೆಣ್ಣು ಕೊಟ್ಟು ತರುತ್ತಿದ್ದರು. ಆದರೆ ಒಬ್ಬನು ಸರಕಾರದ ರೈತ, ಇನ್ನೊಬ್ಬನು ಮನೆತನದ ರೈತ. ಕುಷ್ಟಗಿಯವನು ತಹಶೀಲದಾರನ ಮೇಲೆ ಅವ್ವಲ್ ತಾಲ್ಲೂಕದಾರನಿಗೆ ದೂರು ಕೊಡಬಹುದಾಗಿತ್ತು. ಯಲಬುರ್ಗಾದವನು ಜಾಗೀರಿನ ಅಧಿಕಾರಿಯ ಮೇಲೆ ಜಾಗೀರಿನ ಯಜಮಾನರಿಗೇ ಮೊರೆಯಿಡಬೇಕಾಗಿತ್ತು. ಯಜಮಾನರು ದಯಾಳುಗಳಾಗಿದ್ದರೆ ಅವನ ಭಾಗ್ಯ. ದಯೆಯು ದೊಡ್ಡ ಗುಣವೆಂಬುದನ್ನು ಮಠದ ನೆರಳಿನಲ್ಲಿ ಬೆಳೆದ ನಮಗೆ ಬೇರೆ ಹೇಳಬೇಕಾಗಿಲ್ಲ. ಆದರೆ ಕೊಡುವವನ ಇಚ್ಛೆಗೆ ಬಿಟ್ಟದ್ದು ದಯೆ. ಅವನ ಇಚ್ಛೆಯನ್ನು ಮೀರಿಯೂ ಕೇಳಿ ಪಡೆಯಬಹುದಾದದ್ದು ಹಕ್ಕು. ಈ ಎರಡನೆಯದು ಜಾಗೀರಿನಲ್ಲಿರಲಿಲ್ಲ. ದಿವಾನಿಯಲ್ಲಿಯೂ ಅದರ ಒಂದು ಅಂಶ ಮಾತ್ರ ಇತ್ತು. ಏಕೆಂದರೆ ಅಲ್ಲಿಯೂ ನಿಯಮ ಮಾಡುವವರು ಮೇಲಿನವರೇ, ಬದಲಿಸುವವರೂ ಅವರೇ. ಕಚೇರಿಯ ಕಾಗದಪತ್ರಗಳು ಪಾರಸಿಯಲ್ಲಿದ್ದು, ಸಾಲಾರಜಂಗರ ತರುವಾಯ ಉರ್ದುವಿಗೆ ಬದಲಾದವು. ಕನ್ನಡ ನಾಡಿನ ರೈತನಿಗೆ ತನ್ನ ಹೊಲದ ಪತ್ರವನ್ನು ಓದಿಕೊಳ್ಳುವುದಕ್ಕೂ ಇನ್ನೊಬ್ಬರ ಕಣ್ಣು ಬೇಕಾಗಿತ್ತು. ಕಾನೂನು ಎಲ್ಲರಿಗೂ ತಿಳಿದಿರಬೇಕೆಂಬ ಬೆಂಥಮನ ಮೊದಲ ನಿಯಮವೇ ಇಲ್ಲಿ ಸೋತಿತ್ತು.

ಬೇರಾರದ ಮೊರೆ

ಸಾಲಾರಜಂಗರ ಬಾಳಿನ ಕೊನೆಯ ಹತ್ತು ವರ್ಷಗಳನ್ನು ಆವರಿಸಿದ ವಿಷಯವೆಂದರೆ ಬೇರಾರ. ಹತ್ತಿಯ ಕಣಜವಾದ ಆ ಪ್ರಾಂತವನ್ನು ಮರಳಿ ಪಡೆಯಲು ಅವರು ಬ್ರಿಟಿಷ್ ಸರಕಾರಕ್ಕೆ ಪತ್ರದ ಮೇಲೆ ಪತ್ರ ಬರೆದರು. ಯಾವ ಬಾಕಿಗಾಗಿ ಪ್ರಾಂತವನ್ನು ವಹಿಸಲಾಯಿತೋ ಆ ಸೈನ್ಯದ ವೆಚ್ಚಕ್ಕೆ ನಗದು ಜಾಮೀನನ್ನು ಒದಗಿಸುವುದಾಗಿ ಹೇಳಿದರು. ಒಪ್ಪಂದಗಳ ಮಾತುಮಾತನ್ನೂ ಎತ್ತಿ ತೋರಿಸಿ ನ್ಯಾಯವಾದಿಯಂತೆ ವಾದಿಸಿದರು. 1876ರಲ್ಲಿ ಸ್ವತಃ ಇಂಗ್ಲೆಂಡಿಗೆ ಹೋದರು. ದಾರಿಯಲ್ಲಿ ಪ್ಯಾರಿಸ್ ನಗರದಲ್ಲಿ ಬಿದ್ದು ಕಾಲಿಗೆ ಬಲವಾದ ಪೆಟ್ಟಾಯಿತು. ಆ ನೋವಿನಲ್ಲಿಯೇ ಲಂಡನ್ನನ್ನು ಸೇರಿದರು. ವಿಕ್ಟೋರಿಯಾ ರಾಣಿಯ ದರ್ಶನವಾಯಿತು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟನ್ನಿತ್ತಿತು. ಲಂಡನ್ ನಗರವು ಸನ್ಮಾನಿಸಿತು. ಬೇರಾರ ಮಾತ್ರ ಮರಳಲಿಲ್ಲ.

ಅವರು ಹಿಂದಿರುಗಿದ ಮೇಲೆ ವೈಸ್‌ರಾಯ್ ಲಿಟ್ಟನ್ ಅವರ ಕೋಪಕ್ಕೆ ಗುರಿಯಾದರು. 1877ರಲ್ಲಿ ಜೊತೆಯ ರಾಜಪ್ರತಿನಿಧಿಗಳು ತೀರಿಕೊಂಡಾಗ ಆ ಸ್ಥಾನಕ್ಕೆ ದಿವಾನರ ಪ್ರತಿಸ್ಪರ್ಧಿಯನ್ನೇ ನೇಮಿಸಲಾಯಿತು. ಬೇರಾರದ ಮಾತನ್ನು ಮುಂದುವರಿಸಬಾರದೆಂಬ ಇಂಗಿತವು ಅದರಲ್ಲಿ ಸ್ಪಷ್ಟವಾಗಿತ್ತು.

ಇಲ್ಲಿ ಒಂದು ಗಳಿಗೆ ನಿಂತು ಯೋಚಿಸಬೇಕು. ಸಾಲಾರಜಂಗರ ವಾದವು ಯುಕ್ತಿಯುಕ್ತವಾಗಿತ್ತು. ಲೆಕ್ಕ ಸರಿಯಾಗಿತ್ತು. ಪತ್ರಗಳು ಅವರ ಪಕ್ಷದಲ್ಲಿದ್ದವು. ಆದರೆ ಆಳುವ ಸರಕಾರವನ್ನು ಕರೆದು ಉತ್ತರ ಕೇಳಬಲ್ಲ ನ್ಯಾಯಪೀಠ ಯಾವುದೂ ಇರಲಿಲ್ಲ. ಬ್ರಿಟಿಷರು ಒಳ್ಳೆಯ ಮಾತಿನಿಂದ ಉಪಚರಿಸಿದರು, ಬಿರುದು ಕೊಟ್ಟರು, ಕೇಳಿದ್ದನ್ನು ಕೊಡಲಿಲ್ಲ. ತಮ್ಮ ಜಾಗೀರಿನ ರೈತನು ತಮ್ಮ ದೇವಡಿಯ ಮುಂದೆ ಯಾವ ಸ್ಥಿತಿಯಲ್ಲಿ ನಿಲ್ಲುತ್ತಿದ್ದನೋ ಅದೇ ಸ್ಥಿತಿಯಲ್ಲಿ ಹೈದರಾಬಾದಿನ ಮಹಾಮಂತ್ರಿಯು ಸಾಮ್ರಾಜ್ಯದ ಬಾಗಿಲಲ್ಲಿ ನಿಂತರು. ಮೇಲಿನವರು ವಿಚಾರವಂತರಾಗಿದ್ದರೆ ಸಾಕು ಎಂಬ ನಂಬಿಕೆಯ ಮೇಲೆ ಅವರು ಇಡೀ ಸಂಸ್ಥಾನದ ಆಡಳಿತವನ್ನು ಕಟ್ಟಿದ್ದರು. ಆ ನಂಬಿಕೆಯು ಸಾಲದೆಂಬುದನ್ನು ಅವರ ಬದುಕೇ ತೋರಿಸಿಕೊಟ್ಟಿತು.

1883

1883ರ ಫೆಬ್ರವರಿ 8ರಂದು ಕಾಲರಾ ರೋಗದಿಂದ ಸಾಲಾರಜಂಗರು ನಿಧನ ಹೊಂದಿದರು. ಅವರಿಗೆ ಐವತ್ತನಾಲ್ಕು ವರ್ಷ. ಮೂವತ್ತು ವರ್ಷಗಳ ಕಾಲ ದಿವಾನರಾಗಿದ್ದು, ಮುರಿದ ಮನೆಯೊಂದನ್ನು ನಿಲ್ಲಿಸಿ ಹೋದರು. ಅವರು ಕಟ್ಟಿದ ಇಲಾಖೆಗಳು ಸಂಸ್ಥಾನವಿರುವವರೆಗೂ ನಡೆದವು.

ಇದಕ್ಕೆ ಹತ್ತೊಂಬತ್ತು ದಿನಗಳ ಹಿಂದೆ, ಜನವರಿ 20ರಂದು, ಕನ್ನಡ ನಾಡಿನ ಇನ್ನೊಂದು ಸಂಸ್ಥಾನದ ದಿವಾನರು ತೀರಿಕೊಂಡಿದ್ದರು. ಅವರೇ ಮೈಸೂರಿನ ಸಿ. ರಂಗಾಚಾರ್ಲು. ಅವರ ದಿವಾನಗಿರಿಯು ಎರಡು ವರ್ಷವೂ ತುಂಬಲಿಲ್ಲ. ಸಾಲಾರಜಂಗರಂತೆ ವಿಸ್ತಾರವಾದ ಕೆಲಸ ಮಾಡುವ ಕಾಲಾವಕಾಶ ಅವರಿಗೆ ದೊರೆಯಲಿಲ್ಲ. ಆದರೆ 1881ರ ಅಕ್ಟೋಬರ್ 7ರಂದು ಅವರು ಮೈಸೂರಿನಲ್ಲಿ 144 ಸದಸ್ಯರ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದರು. ಶಾಸನ ಮಾಡುವ ಅಧಿಕಾರ ಆ ಸಭೆಗಿರಲಿಲ್ಲ. ಮೊದಲಲ್ಲಿ ಚುನಾವಣೆಯೂ ಇರಲಿಲ್ಲ. ಬಂದವರಲ್ಲಿ ಬಹುಮಂದಿ ಜಮೀನುದಾರರು ಮತ್ತು ವ್ಯಾಪಾರಸ್ಥರು. ಆದರೂ ದಿವಾನನು ವರ್ಷಕ್ಕೊಮ್ಮೆ ಪ್ರಜೆಗಳ ಮುಂದೆ ನಿಂತು ಲೆಕ್ಕ ಒಪ್ಪಿಸಬೇಕೆಂಬ ಪರಿಪಾಠವು ಅಲ್ಲಿ ಬೇರೂರಿತು. ಮುಂದೆ ಚುನಾವಣೆ ಬಂದಿತು, ಅಧಿಕಾರ ಬೆಳೆಯಿತು. ಹೈದರಾಬಾದಿನಲ್ಲಿ ಅಂತಹ ಬೀಜವನ್ನು ಬಿತ್ತಿದವರಿಲ್ಲ. 1893ರಲ್ಲಿ ಶಾಸನ ಸಭೆಯೊಂದು ಏರ್ಪಟ್ಟರೂ ಸಾಮಾನ್ಯ ರೈತನು ಆರಿಸಿ ಕಳುಹಿಸಿದ ಸದಸ್ಯನಿಗೆ ಅದರಲ್ಲಿ ಎಡೆಯಿರಲಿಲ್ಲ. ಇಬ್ಬರು ದಿವಾನರ ಕೊನೆಯ ದಿನಗಳು ಮೂರು ವಾರಗಳ ಅಂತರದಲ್ಲಿ ಬಂದವು. ಅವರ ಸಂಸ್ಥಾನಗಳ ಪ್ರಜಾಜೀವನದ ನಡುವಿನ ಅಂತರವು ಎರಡು ತಲೆಮಾರುಗಳಷ್ಟಾಯಿತು.

ಹಕ್ಕಿನ ಆಗಮನ

ಹೈದರಾಬಾದು ಕರ್ನಾಟಕದಲ್ಲಿ ಹಕ್ಕಿನ ಪ್ರಜ್ಞೆಯನ್ನು ಎಚ್ಚರಿಸಿದವು ಶಾಲೆಗಳು. 1907ರಲ್ಲಿ ಕಲಬುರ್ಗಿಯಲ್ಲಿ ಹುಟ್ಟಿದ ನೂತನ ವಿದ್ಯಾಲಯ, ರಾಯಚೂರಿನ ಹಮದರ್ದ್ ಶಾಲೆ, ಯಲಬುರ್ಗಾ ಸೀಮೆಯ ಕುಕನೂರಿನ ವಿದ್ಯಾನಂದ ಗುರುಕುಲ ಇವು ಸರಕಾರದ ನೆರವಿಗಾಗಿ ಕಾಯದೆ ಜನರ ದಾನದಿಂದ ನಡೆದ ಸಂಸ್ಥೆಗಳು. ಅಲ್ಲಿ ಓದಿದ ಹುಡುಗರು ತಮ್ಮ ಭಾಷೆಯಲ್ಲಿ ಪ್ರಶ್ನೆ ಕೇಳುವುದನ್ನು ಕಲಿತರು. 1938ರಲ್ಲಿ ಸ್ಟೇಟ್ ಕಾಂಗ್ರೆಸ್ಸನ್ನು ನಿಜಾಮ ಸರಕಾರವು ನಿಷೇಧಿಸಿತು. 1947ರಲ್ಲಿ ದೇಶವು ಸ್ವತಂತ್ರವಾದಾಗಲೂ ನಮ್ಮ ಸೀಮೆಗೆ ಸ್ವಾತಂತ್ರ್ಯ ಬರಲಿಲ್ಲ. ರಜಾಕಾರರ ಹಾವಳಿಯ ದಿನಗಳಲ್ಲಿ ನಮ್ಮ ತರುಣರು ಗಡಿಯಾಚೆಯ ಶಿಬಿರಗಳಲ್ಲಿ ನಿಂತು ಹೋರಾಡಿದರು. 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆಯು ಕೊನೆಗಂಡಿತು.

1949ರ ಮಾರ್ಚ್ 2ರಂದು ಮೂರನೆಯ ಸಾಲಾರಜಂಗರು ಸಂತಾನವಿಲ್ಲದೆ ತೀರಿಕೊಂಡರು. ಅದೇ ವರ್ಷದ ಆಗಸ್ಟಿನಲ್ಲಿ ಜಾಗೀರುಗಳನ್ನು ರದ್ದುಗೊಳಿಸುವ ಶಾಸನವು ಜಾರಿಗೆ ಬಂದಿತು. ಕೊಪ್ಪಳ, ಯಲಬುರ್ಗಾಗಳ ರೈತರು ಕುಷ್ಟಗಿ, ಗಂಗಾವತಿಗಳ ರೈತರೊಡನೆ ಒಂದೇ ಕಾನೂನಿನ ಕೆಳಗೆ ಬಂದರು. ನವೆಂಬರಿನಲ್ಲಿ ನಿಜಾಮರ ಫರ್ಮಾನು ಭಾರತದ ಸಂವಿಧಾನವನ್ನು ಅಂಗೀಕರಿಸಿತು. 1950ರ ಜನವರಿ 26ರಂದು ನಮ್ಮ ಸೀಮೆಯ ಪ್ರತಿಯೊಬ್ಬನೂ ನಾಗರಿಕನಾದನು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಜಾನ್ ಡ್ಯೂಯಿಯ ಬಳಿ ತತ್ತ್ವಶಾಸ್ತ್ರವನ್ನು ಓದಿದ್ದ ಡಾ. ಅಂಬೇಡ್ಕರರ ಅಧ್ಯಕ್ಷತೆಯಲ್ಲಿ ರಚಿತವಾದ ಆ ಸಂವಿಧಾನವು ಸಮಾನತೆ, ವಾಕ್‌ಸ್ವಾತಂತ್ರ್ಯ, ಪ್ರಾಣರಕ್ಷಣೆಗಳನ್ನು ಹಕ್ಕುಗಳೆಂದು ಘೋಷಿಸಿತು. ಅವುಗಳಿಗೆ ಧಕ್ಕೆ ಬಂದರೆ ನೇರವಾಗಿ ಸರ್ವೋಚ್ಚ ನ್ಯಾಯಾಲಯವನ್ನು ಕೇಳುವುದೂ ಒಂದು ಹಕ್ಕಾಯಿತು. ಬೇರಾರದ ಮೊರೆಯಿಟ್ಟ ದಿವಾನರಿಗೆ ಯಾವ ಪೀಠವು ದೊರೆಯಲಿಲ್ಲವೋ ಅಂತಹ ಪೀಠವು ಈಗ ಜೋಳದ ಹೊಲದ ಕೂಲಿಯವಳಿಗೂ ದೊರೆಯಿತು. ಈ ಜನ ಸ್ವಯಮಾಡಳಿತಕ್ಕೆ ಸಿದ್ಧರಿಲ್ಲವೆಂದ ಮಿಲ್ಲನ ತೀರ್ಮಾನಕ್ಕೆ 1952ರ ಮೊದಲ ಚುನಾವಣೆಯು ಉತ್ತರ ಕೊಟ್ಟಿತು. ಅಂದು ಕುಷ್ಟಗಿ ಲೋಕಸಭಾ ಕ್ಷೇತ್ರದ ಮತದಾರರು ಪಕ್ಷೇತರ ಅಭ್ಯರ್ಥಿಯಾದ ಅಳವಂಡಿಯ ಶಿವಮೂರ್ತಿಸ್ವಾಮಿಗಳನ್ನು ದೆಹಲಿಗೆ ಆರಿಸಿ ಕಳುಹಿಸಿದರು. 1956ರಲ್ಲಿ ನಮ್ಮ ಸೀಮೆಯು ಏಕೀಕೃತ ಕನ್ನಡ ರಾಜ್ಯವನ್ನು ಸೇರಿತು. 1997ರಲ್ಲಿ ಕೊಪ್ಪಳವೇ ಒಂದು ಜಿಲ್ಲೆಯಾಯಿತು. ಸಂವಿಧಾನದ 371ಜೆ ವಿಧಿಯು ಈ ಭಾಗದ ಹಿಂದುಳಿದಿರುವಿಕೆಯನ್ನು ಗುರುತಿಸಿ, ವಿದ್ಯೆ ಮತ್ತು ಉದ್ಯೋಗಗಳಲ್ಲಿ ವಿಶೇಷ ಅವಕಾಶವನ್ನು ಕಲ್ಪಿಸಿದೆ.

ಉಪಸಂಹಾರ

ಸಾಲಾರಜಂಗರನ್ನು ಹೇಗೆ ನೆನೆಯಬೇಕು? ಅವರು ಪ್ರಾಮಾಣಿಕರು, ದಣಿವರಿಯದ ದುಡಿಮೆಗಾರರು, ಪ್ರಾಣಭಯವನ್ನು ಲೆಕ್ಕಿಸದವರು. ಸುಲಿಗೆಯ ಗುತ್ತಿಗೆಯನ್ನು ನಿಲ್ಲಿಸಿ ನಿಯಮದ ಆಡಳಿತವನ್ನು ತಂದ ಉಪಕಾರವನ್ನು ಮರೆಯುವುದು ಕೃತಘ್ನತೆ. ನಿಯಮ, ಲೆಕ್ಕ, ದಫ್ತರ ಇಲ್ಲದ ನಾಡಿನಲ್ಲಿ ಹಕ್ಕನ್ನು ಘೋಷಿಸಿದರೂ ಅದು ಗಾಳಿಯ ಮಾತಾಗುತ್ತಿತ್ತು. 1950ರ ಸಂವಿಧಾನವು ನಮ್ಮ ಸೀಮೆಯಲ್ಲಿ ನೆಲೆ ನಿಲ್ಲುವುದಕ್ಕೆ ತಹಶೀಲು, ಕೋರ್ಟು, ಪಹಣಿಗಳ ಚೌಕಟ್ಟು ಮೊದಲೇ ಸಿದ್ಧವಾಗಿತ್ತು. ಅದರಲ್ಲಿ ಆ ದಿವಾನರ ಪಾಲು ದೊಡ್ಡದು. ಆದರೆ ಅವರು ರೈತನಿಗಾಗಿ ಯೋಚಿಸಿದರೇ ಹೊರತು ರೈತನನ್ನು ಕೇಳಲಿಲ್ಲ. ಆ ಒಂದು ಕೊರತೆಯಿಂದ ಅವರ ಮಹಾಕಾರ್ಯವು ಅರ್ಧಕ್ಕೆ ನಿಂತಿತು.

ಅಧ್ಯಾಪಕ ಬಂಧುಗಳಿಗೆ, ಹಳೆಯ ವಿದ್ಯಾರ್ಥಿಗಳಿಗೆ ಮತ್ತು ಉದಾರ ದಾನಿಗಳಿಗೆ ಈ ಜೀವನದಲ್ಲಿ ಯೋಚಿಸಬೇಕಾದ ಸಂಗತಿಯಿದೆ. ಶಾಲೆಯೂ ಒಂದು ಸಣ್ಣ ರಾಜ್ಯವೇ. ಹಾಜರಿ, ವೇಳಾಪಟ್ಟಿ, ಪರೀಕ್ಷೆ, ಲೆಕ್ಕಪತ್ರ ಇವುಗಳನ್ನು ನಾವು ಚೆನ್ನಾಗಿ ನಡೆಸುತ್ತೇವೆ. ಹಿಂದಿನ ಬೆಂಚಿನ ಮಗುವು ಎದ್ದು ನಿಂತು ಏಕೆ ಎಂದು ಕೇಳಿದಾಗ ಅದಕ್ಕೆ ಉತ್ತರ ಕೊಡುವ ಹೊಣೆ ನಮ್ಮದೆಂದು ತಿಳಿಯುತ್ತೇವೆಯೇ? ಹಾಗೆ ತಿಳಿದ ದಿನ ಆ ಮಗುವಿಗೆ ಪೌರನೀತಿಯ ಮೊದಲ ಪಾಠವಾಗುತ್ತದೆ. ಮುಂದಿನ ಪ್ರವಾಸದಲ್ಲಿ ಮೂಸಿಯ ದಂಡೆಯ ಆ ಮಂದಿರಕ್ಕೆ ಹೋದಾಗ ಗಡಿಯಾರದ ಗೊಂಬೆಯನ್ನೂ ಮುಸುಕಿನ ರೆಬೆಕ್ಕಳನ್ನೂ ಮಕ್ಕಳಿಗೆ ಅವಶ್ಯವಾಗಿ ತೋರಿಸೋಣ. ಜೊತೆಗೆ ಅವುಗಳನ್ನು ಕೂಡಿಸಿದ ಮನೆತನಕ್ಕೆ ಕಂದಾಯ ತೆತ್ತವರು ಯಾರು, ಆ ತೆತ್ತವರು ಪ್ರಶ್ನೆ ಕೇಳುವ ಅಧಿಕಾರವನ್ನು ಎಂದು ಪಡೆದರು ಎಂಬುದನ್ನೂ ಹೇಳಿಕೊಡೋಣ.